ಶನಿಯ ಬೆನ್ನಿನ ಮಚ್ಚೆ

ತಾಪತ್ರಯ ಶುರುವಾದದ್ದು ಫ್ರಿಜ್ಜಿನ ಬಾಗಿಲಿನಿಂದ.

ಬೇರೆಯವರ ಮನೆಯಲ್ಲಿ ಫ್ರಿಜ್ಜಿನ ಮೇಲೆ ಮಕ್ಕಳು ಬರೆದ ಚಿತ್ರ ಇರುತ್ತದೆ. ಮಚ್ಚೆ ಸಾರ್ ಮನೆಯಲ್ಲಿ ಆಫೀಸಿನ ಆಜ್ಞಾಪತ್ರದ ನಕಲು ಇತ್ತು. ಇಪ್ಪತ್ತೊಂಬತ್ತು ವರ್ಷದಿಂದ ಶನಿಗ್ರಹವನ್ನು ಸುತ್ತುತ್ತಿರುವ ನೌಕೆಗೆ ಅವರು ಬರೆದ ಕಟ್ಟಕಡೆಯ ಆಜ್ಞೆ ಅದು. ನಾಳೆಯಿಂದ ಆ ನೌಕೆಯ ಮೇಲಿರುವ ಅವರ ಯಂತ್ರಕ್ಕೆ ಕರೆಂಟ್ ಕಟ್. ಅದಕ್ಕೇ ನೆನಪಿಗಿರಲಿ ಎಂದು ನಾಲ್ಕು ಮೂಲೆಗೂ ಟೇಪ್ ಹಚ್ಚಿ ಅಂಟಿಸಿದ್ದರು. ಮದುವೆ ಫೋಟೋಗೂ ಅಷ್ಟು ಟೇಪಿನ ಭಾಗ್ಯ ಸಿಕ್ಕಿರಲಿಲ್ಲ.

"ಎಷ್ಟೊತ್ತಿಗ್ರೀ ಇವತ್ತು ನನ್ನ ಸವತಿ ದರ್ಶನ?" ಹೆಂಡತಿ ಕಾಫಿ ಲೋಟ ಮುಂದಿಡುತ್ತ ಕೇಳಿದಳು. ನೌಕೆಯನ್ನು ಅವಳು ಸವತಿ ಅಂತಲೇ ಕರೆಯುವುದು.

"ಎರಡು ಗಂಟೆಗೆ ಕಣೇ. ಅಲ್ಲಿ ಎರಡಕ್ಕೆ ಸರಿಯಾಗಿ ಶನಿಯ ದಕ್ಷಿಣ ಧ್ರುವ ಕಣ್ಣೆದುರಿಗೆ ಬರುತ್ತೆ. ಆ ಬೆಳಕು ಇಲ್ಲಿಗೆ ಬರೋಕೆ ಒಂದು ಗಂಟೆ ಇಪ್ಪತ್ತು ನಿಮಿಷ. ಅಂದ್ರೆ ನಮಗೆ ಮೂರು ಇಪ್ಪತ್ತು."

"ಮತ್ತೆ ಈ ಕಾಗದದಲ್ಲಿ ಮೂರು ಇಪ್ಪತ್ತು ಅಂತಿದೆ? ಇದು ಅವಳಿಗೆ ಬರೆದಿದ್ದಾ, ನನಗೆ ಬರೆದಿದ್ದಾ?"

ಅಂಗಿಯ ಗುಂಡಿ ಹಾಕುತ್ತಿದ್ದ ಮಚ್ಚೆ ಸಾರ್ ಕೈ ಅಲ್ಲೇ ನಿಂತಿತು. ಫ್ರಿಜ್ಜಿನ ಹತ್ತಿರ ಹೋಗಿ ಕನ್ನಡಕ ಏರಿಸಿ ಓದಿದರು. ಇಳಿಸಿ ಓದಿದರು. ಕನ್ನಡಕ ತೆಗೆದು ಒರೆಸಿ ಓದಿದರು. ಹೇಗೆ ಓದಿದರೂ ಮೂರು ಇಪ್ಪತ್ತೇ. ಬಾಗಿಲು ಮುಚ್ಚಿದ್ದರೂ ಫ್ರಿಜ್ಜಿನ ಒಳಗಿನ ತಂಪೆಲ್ಲ ಅವರ ಬೆನ್ನುಮೂಳೆಗೆ ಇಳಿಯಿತು.

ಆಫೀಸಿನ ಗೋಡೆಯ ಮೇಲೆ ಎರಡು ಗಡಿಯಾರಗಳಿವೆ. ಒಂದರ ಕೆಳಗೆ 'ಇಲ್ಲಿ', ಇನ್ನೊಂದರ ಕೆಳಗೆ 'ಅಲ್ಲಿ' ಎಂದು ಬರೆದಿದೆ. ಅಲ್ಲಿಯದು ಎಂಬತ್ತು ನಿಮಿಷ ಹಿಂದೆ. ನಮಗೆ ಈಗ ಬಂದು ಮುಟ್ಟಿದ್ದು ಅಲ್ಲಿ ನಡೆದದ್ದು ಯಾವಾಗ ಎಂದು ಅದು ಹೇಳುತ್ತದೆ. ನೌಕೆಗೆ ಏನೇ ಹೇಳಿದರೂ 'ಅಲ್ಲಿ'ಯ ಸಮಯದಲ್ಲೇ ಹೇಳಬೇಕು. ಈ ಪಾಠವನ್ನು ಹೊಸಬರಿಗೆಲ್ಲ ಬೋರ್ಡಿನ ಮೇಲೆ ಬರೆದು ಕಲಿಸಿದವರೇ ಮಚ್ಚೆ ಸಾರ್. ಇಪ್ಪತ್ತೊಂಬತ್ತು ವರ್ಷ ಒಂದು ಸಲವೂ ತಪ್ಪದ ಮನುಷ್ಯ, ಕೊನೆಯ ಆಜ್ಞೆಯಲ್ಲಿ, ಹೆಂಡತಿಗೆ ಹೇಳಬೇಕಾದ ಸಮಯವನ್ನು ನೌಕೆಗೆ ಹೇಳಿಬಿಟ್ಟಿದ್ದರು.

ಎಂಬತ್ತು ನಿಮಿಷ ತಾನೇ, ಏನು ಮಹಾ ಅನ್ನಬೇಡಿ. ಮುದಿ ನೌಕೆಗೆ ಈಗ ಕತ್ತು ತಿರುಗಿಸುವ ಶಕ್ತಿ ಇಲ್ಲ. ಅದು ಒಂದೇ ದಿಕ್ಕಿಗೆ ನೋಡುತ್ತಿರುತ್ತದೆ. ಶನಿಯೇ ಅದರ ಎದುರು ಹಾದುಹೋಗಬೇಕು. ಬಸ್‌ಸ್ಟಾಪಿನಲ್ಲಿ ಕಣ್ಣು ಮುಚ್ಚಿ ನಿಂತವನು ಹೇಳಿದ ಹೊತ್ತಿಗೆ ಸರಿಯಾಗಿ ಕಣ್ಣು ಬಿಟ್ಟರೆ ಬಸ್ಸು ಕಾಣುತ್ತದೆ. ಮುಂಚೆ ಬಿಟ್ಟರೂ ತಡವಾಗಿ ಬಿಟ್ಟರೂ ಬರೀ ರಸ್ತೆ. ಈ ಬಸ್ಸು ಮತ್ತೆ ಬರುವುದು ಇಪ್ಪತ್ತೊಂಬತ್ತು ವರ್ಷಕ್ಕೆ.

ಮಚ್ಚೆ ಸಾರ್ ಕಾಫಿ ಕುಡಿಯಲಿಲ್ಲ. ಓಡಿದರು.

ಮಚ್ಚೆ ಎಂಬ ಹೆಸರು ಬಂದ ಕತೆಯನ್ನು ಅವರು ಓಡಿ ಬಸ್ಸು ಹಿಡಿಯುವಷ್ಟರಲ್ಲಿ ಹೇಳಿ ಮುಗಿಸುತ್ತೇನೆ. ಅವರು ಇಪ್ಪತ್ನಾಲ್ಕರ ಹುಡುಗನಾಗಿ ಕೆಲಸಕ್ಕೆ ಸೇರಿದ ವಾರವೇ ನೌಕೆ ಶನಿಯನ್ನು ತಲುಪಿತ್ತು. ಅದರ ಮೇಲೆ ಎರಡು ಕಣ್ಣು. ಒಂದು ಕ್ಯಾಮೆರಾ. ಬಳೆ ತೊಟ್ಟ ಶನಿಯ ಚೆಂದದ ಫೋಟೋಗಳೆಲ್ಲ ಅದರದ್ದೇ. ಪೇಪರಿನ ಮುಖಪುಟ, ಕ್ಯಾಲೆಂಡರು, ಶಾಲೆಯ ಗೋಡೆ, ಎಲ್ಲೆಲ್ಲೂ ಹೀರೋ ಅದೇ. ಇನ್ನೊಂದು ಇನ್‌ಫ್ರಾರೆಡ್ ಕಣ್ಣು. ಅದಕ್ಕೆ ಚೆಂದ ಗೊತ್ತಿಲ್ಲ, ಬಿಸಿ ಮಾತ್ರ ಗೊತ್ತು. ಗ್ರಹದ ಗಾಳಿಯ ಪದರಗಳಲ್ಲಿ ಎಲ್ಲಿ ಬೆಚ್ಚಗಿದೆ, ಎಲ್ಲಿ ತಣ್ಣಗಿದೆ ಎಂದು ಮುಟ್ಟದೆಯೇ ಹೇಳುತ್ತದೆ, ಜ್ವರ ಬಂದ ಮಗುವನ್ನು ಬಾಗಿಲಲ್ಲೇ ನಿಂತು ಪತ್ತೆ ಹಚ್ಚುವ ತಾಯಿಯ ಹಾಗೆ. ಎಲ್ಲರೂ ಅದನ್ನು 'ಬಿಸಿಗಣ್ಣು' ಅನ್ನುತ್ತಿದ್ದರು. ಹುಡುಗ ಬಿಸಿಗಣ್ಣಿನ ಕಡೆ ಸೇರಿದ.

ಏಳು ವರ್ಷದ ಪ್ರಯಾಣದಲ್ಲಿ ನಿದ್ದೆ ಹೊಡೆದಿದ್ದ ಬಿಸಿಗಣ್ಣು ತೆರೆದ ಮೊದಲ ದಿನವೇ ಶನಿಯ ದಕ್ಷಿಣ ಧ್ರುವದಲ್ಲಿ ಒಂದು ಸಣ್ಣ ಬೆಚ್ಚಗಿನ ಜಾಗ ಕಂಡಿತು. ಸುತ್ತ ಎಲ್ಲ ಮರಗಟ್ಟುವ ಚಳಿ, ನಡುವೆ ಅದೊಂದೇ ಬೆಚ್ಚಗೆ. ಕಂಡುಹಿಡಿದವನು ನಮ್ಮ ಹುಡುಗ. ಕೂಗಿದ, ಕುಣಿದ. ನಾಲ್ಕನೇ ದಿನಕ್ಕೆ ಜಾಗ ಮಾಯ. "ಅದು ಆ ಧ್ರುವದ ವಸಂತದ ಕೊನೇ ದಿನಗಳು, ಋತು ಕಳೀತು, ಮುಂದಿನ ವಸಂತಕ್ಕೆ ಮತ್ತೆ ಬರುತ್ತೆ" ಎಂದು ಹುಡುಗ ವಾದಿಸಿದ. ಶನಿಗೆ ಒಂದು ವರ್ಷ ಅಂದರೆ ನಮಗೆ ಇಪ್ಪತ್ತೊಂಬತ್ತು. "ಸರಿ ಬಿಡಪ್ಪ, ಆಗ ನೋಡೋಣ" ಎಂದು ದೊಡ್ಡವರೆಲ್ಲ ನಕ್ಕರು. ಅವತ್ತಿನಿಂದ ಮಚ್ಚೆ ಎಂಬ ಹೆಸರು. ತಲೆ ಬೆಳ್ಳಗಾದ ಮೇಲೆ ಹಿಂದೆ ಒಂದು ಸಾರ್ ಸೇರಿಕೊಂಡಿತು, ಅಷ್ಟೇ. "ಲೋಕದ ಜನಕ್ಕೆಲ್ಲ ಶನಿ ಹೆಗಲೇರಿದ್ರೆ, ನಮ್ಮ ಅಳಿಯ ಶನಿ ಹೆಗಲೇರಿ ಕೂತಿದಾನೆ" ಎಂದು ಅತ್ತೆ ಹೇಳಿದ್ದು ಆಫೀಸಿನವರೆಗೂ ಬಂದು ಮುಟ್ಟಿತ್ತು.

ಇವತ್ತು ಆ ವಸಂತ. ಕರೆಂಟ್ ಉಳಿಸಲು ಆರು ವರ್ಷದಿಂದ ಮಲಗಿಸಿಟ್ಟಿದ್ದ ಬಿಸಿಗಣ್ಣನ್ನು, ಮೇಲಿನವರ ಕೈಕಾಲು ಹಿಡಿದು ಒಪ್ಪಿಸಿ, ಕೊನೆಯ ಸಲ ಎಬ್ಬಿಸಿದ್ದರು. ನಲವತ್ತು ನಿಮಿಷದ ನೋಟ. ಮಚ್ಚೆ ಇದೆಯೋ ಇಲ್ಲವೋ, ಇವತ್ತೇ ತೀರ್ಪು. "ಅದರ ಮುಂದಿನ ವಸಂತಕ್ಕೆ ನಾನು ಗೋಡೆ ಮೇಲಿನ ಫೋಟೋದಲ್ಲಿರ್ತೀನಿ" ಎಂದು ಅವರೇ ಹೇಳಿಕೊಂಡಿದ್ದರು.

ಒಂಬತ್ತು ಗಂಟೆಗೆ ಆಫೀಸು ಮುಟ್ಟಿದರು. ತಪ್ಪು ತಿದ್ದುವುದೇನೋ ಸುಲಭ. ಹಳೆಯ ನೌಕೆಗೆ ಜ್ಞಾಪಕಶಕ್ತಿ ಕಡಿಮೆ, ಇಡೀ ಆಜ್ಞೆಯನ್ನು ಮತ್ತೆ ಕಳಿಸುವ ಹಾಗಿಲ್ಲ. 'ಜರುಗಿಸು' ಎಂಬ ಒಂದು ಪದ, ಎಷ್ಟು ನಿಮಿಷ ಎಂಬ ಒಂದು ಸಂಖ್ಯೆ, ಇಷ್ಟೇ ಸಾಕು. ನೌಕೆ ತನ್ನ ಕೆಲಸವನ್ನು ಅಷ್ಟು ನಿಮಿಷ ಮುಂಚೆಗೆ ಎಳೆದುಕೊಳ್ಳುತ್ತದೆ. ಯಾಕೆ, ಏನು ಎಂದು ಕೇಳುವುದಿಲ್ಲ. ಹೊಸ ಮದುಮಗನಿಗಿಂತ ವಿಧೇಯ. ಆದರೆ ಹೇಳುವುದಕ್ಕೆ ಆಂಟೆನಾ ಬೇಕಲ್ಲ. ಹನ್ನೊಂದಕ್ಕೆ ಆಂಟೆನಾ ಬೇರೆ ಕೆಲಸಕ್ಕೆ ತಿರುಗುತ್ತದೆ. ಅಲ್ಲಿಯವರೆಗಿನ ಹೊತ್ತೆಲ್ಲ ಕ್ಯಾಮೆರಾದವರದ್ದು. ಕ್ಯಾಮೆರಾದವರು ಎಂದರೆ ಈಗ ಒಬ್ಬನೇ. ಭಾವ.

ಭಾವ ಎಂದರೆ ಬರೀ ಆಫೀಸಿನ ಸಲಿಗೆಯ ಭಾವ ಅಲ್ಲ, ಸಾಕ್ಷಾತ್ ಅಕ್ಕನ ಗಂಡ. ಒಂದೇ ದಿನ ಕೆಲಸಕ್ಕೆ ಸೇರಿದ ಗೆಳೆಯರು. ಒಂದೇ ಬೆಂಚು, ಒಂದೇ ಬುತ್ತಿ. ಆ ಬುತ್ತಿ ತರುತ್ತಿದ್ದ ಅಕ್ಕನನ್ನೇ ಗೆಳೆಯ ಮದುವೆಯಾದ. ಅಕ್ಕನ ಮದುವೆಯ ದಿನ ಮಚ್ಚೆ ಸಾರ್ ಎರಡೂ ಕಾಲಿಗೆ ಎಡಗಾಲಿನ ಚಪ್ಪಲಿ ಹಾಕಿಕೊಂಡು ಬಂದಿದ್ದರು. ಅದನ್ನು ಭಾವ ಇಪ್ಪತ್ತೇಳು ವರ್ಷದಿಂದ ನೆಂಟರ ಪ್ರತಿ ಊಟದಲ್ಲೂ ಹೇಳುತ್ತ ಬಂದಿದ್ದಾನೆ. ಹೇಳಿದಂತೆಲ್ಲ ಚಪ್ಪಲಿ ದೊಡ್ಡದಾಗುತ್ತಿದೆ. ಈಗ ಗಡಿಯಾರದ ಕತೆ ಅವನ ಕೈಗೆ ಸಿಕ್ಕರೆ? ಸತ್ತರೂ ಹೇಳಬಾರದು ಎಂದು ಮಚ್ಚೆ ಸಾರ್ ಹಲ್ಲು ಕಚ್ಚಿದರು.

ಭಾವ ಪರದೆಯ ಮುಂದೆ ಕಾಲು ಚಾಚಿ ಕೂತಿದ್ದ.

"ಬಾರೋ ಮಚ್ಚೆ! ಅಂಗಿ ಗುಂಡಿ ಒಂದೊಂದು ಕಾಜ ಮೇಲಕ್ಕೆ ಹತ್ತಿವೆ ನೋಡ್ಕೋ."

"ಭಾವ, ನಿನ್ನ ಆಂಟೆನಾ ಹೊತ್ತಲ್ಲಿ ಒಂದೈದು ನಿಮಿಷ ಕೊಡು."

"ಯಾಕೆ?"

"ಸುಮ್ನೆ. ಬಿಸಿಗಣ್ಣು ಸರಿಯಾಗಿ ಎದ್ದಿದೆಯಾ ಅಂತ ವಿಚಾರಿಸಬೇಕು."

ಭಾವನ ಮುಖದ ಮೇಲೆ ಏನೋ ಒಂದು ಬಂದು ಹೋಯಿತು. ಕಾಲು ಕೆಳಗಿಳಿಸಿದ. "ಬೇಡ."

"ಐದೇ ನಿಮಿಷ!"

"ಬೇಡ ಅಂದ್ನಲ್ಲ. ಎಲ್ಲಾ ಸರಿಯಾಗಿದೆ ಕಣೋ. ವಯಸ್ಸಾದ ನೌಕೆ, ಸುಮ್ಮಸುಮ್ಮನೆ ಕೆಣಕಬೇಡ. ಹೋಗು, ಕಾಫಿ ಕುಡಿ. ಮುಖ ತೊಳ್ಕೊ. ಸಂಜೆ ಹೀರೋ ತರ ಕೂತ್ಕೊಂಡು ಚಿತ್ರ ನೋಡು."

"ನಾನು ಕೇಳ್ತಿರೋದು ಹೊಲ ಮನೆ ಅಲ್ಲ ಭಾವ, ಐದು ನಿಮಿಷ!"

"ನೀನು ಕೇಳ್ತಿರೋದು ಏನು ಅಂತ ನನಗೆ ಗೊತ್ತು. ಕೊಡಲ್ಲ. ನನ್ನ ಮೇಲೆ ನಂಬಿಕೆ ಇಡು, ಹೋಗು."

ಮಚ್ಚೆ ಸಾರ್ ಕಿವಿಯಲ್ಲಿ ಖಳನಾಯಕನ ಎಂಟ್ರಿಯ ಡೋಲು ಮೊಳಗಿತು. ಅಲ್ಲಾ, ಇಪ್ಪತ್ತೊಂಬತ್ತು ವರ್ಷ ಮುಖಪುಟದಲ್ಲಿ ಮೆರೆದವನಿಗೆ ಒಂದು ದಿನ ಬಿಸಿಗಣ್ಣು ಮೆರೆದರೆ ಹೊಟ್ಟೆಯುರಿಯೇ? ಒಂದೇ ಬುತ್ತಿಯಲ್ಲಿ ತಿಂದವನು!

"ಸರಿ ಭಾವ, ಬಿಡು. ಬೇಡ," ಎಂದು ಸೋತವರ ಹಾಗೆ ನಟಿಸಿ ಹೊರಬಂದರು. ಹಿಂದೆ ಭಾವ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಅದನ್ನೂ ಅವನ ಲೆಕ್ಕಕ್ಕೇ ಬರೆದುಕೊಂಡರು.

ಮುಂದಿನ ಬಾಗಿಲು ಡೈರೆಕ್ಟರ್ ಮೇಡಂ. ಹದಿನಾಲ್ಕು ವರ್ಷದ ಹಿಂದೆ ಇದೇ ಮಚ್ಚೆ ಸಾರ್ ಕೈಕೆಳಗೆ ಕೆಲಸ ಕಲಿತವಳು. ಆಗ "ಏನಮ್ಮಾ", ಈಗ "ಮೇಡಂ". ಅವಸರದಲ್ಲಿ ಎರಡೂ ಒಟ್ಟಿಗೆ ಬಂದವು.

"ಏನಮ್ಮಾ ಮೇಡಂ, ಒಂದು ಸಣ್ಣ ತಿದ್ದುಪಡಿ. ಸಹಿ ಹಾಕ್ಬಿಡಿ."

ಅವಳು ಕಾಗದ ನೋಡಿದಳು. "ಕಾರಣ ಅನ್ನೋ ಕಡೆ 'ಸಣ್ಣ ಹೊಂದಾಣಿಕೆ' ಅಂತ ಬರೆದಿದೀರಾ. ಕಾರಣ ಹೇಳದೆ ನೌಕೆಗೆ ಒಂದಕ್ಷರಾನೂ ಕಳಿಸಬಾರದು ಅಂತ ಹೇಳಿಕೊಟ್ಟವರು ಯಾರು ಸಾರ್?"

"ಯಾವನೋ ಅಧಿಕಪ್ರಸಂಗಿ."

"ಸಾರ್."

ಮಚ್ಚೆ ಸಾರ್ ಬಾಗಿಲು ಮುಚ್ಚಿ ಬಂದು ಪಿಸುಗುಟ್ಟಿದರು. ಅವಳು ಕಣ್ಣರಳಿಸಿದಳು. "ಇಲ್ಲಿಯ ಸಮಯ ಬರೆದ್ರಾ? ನೀವಾ? ನನಗೆ ಇದೇ ತಪ್ಪಿಗೆ ನೂರು ಸಲ ಇಂಪೊಸಿಷನ್ ಬರೆಸಿದ್ರಿ!"

"ಇನ್ನೂರು ಸಲ ಬರ್ಕೊಡ್ತೀನಿ. ಈಗ ಸಹಿ ಹಾಕಮ್ಮ."

ಅವಳ ತುಟಿಯ ಕೊನೆ ನಗಲೋ ಬೇಡವೋ ಎಂದು ಒದ್ದಾಡಿತು. ಸಹಿ ಹಾಕಿದಳು. "ಆದ್ರೆ ಆಂಟೆನಾ ಹೊತ್ತು ಅವರದ್ದು. ನಿಮ್ಮ ಭಾವನ ಸಹಿನೂ ಬೇಕು."

"ಅವನು ಸಹಿ ಹಾಕೋಕೆ ಮುಂಚೆ ಕಾರಣ ಓದ್ತಾನೆ. ಓದಿದ್ರೆ ನನ್ನ ಮೊಮ್ಮಕ್ಕಳ ಮದುವೇಲೂ ಹೇಳ್ತಾನೆ."

ಮೇಡಂ ಕಿಟಕಿಯ ಕಡೆ ತಿರುಗಿದಳು. "ಹತ್ತೂವರೆಯಿಂದ ಹನ್ನೊಂದರವರೆಗೆ ನಾನು ಮೀಟಿಂಗಲ್ಲಿರ್ತೀನಿ ಸಾರ್. ಆ ಅರ್ಧ ಗಂಟೇಲಿ ಆಂಟೆನಾ ರೂಮಿನಲ್ಲಿ ಏನು ನಡೆದ್ರೂ ನನಗೆ ಕಾಣಿಸಲ್ಲ."

ಆಂಟೆನಾ ರೂಮಿನಲ್ಲಿ ಆಂಟೆನಾ ತಾತ. ಮೂವತ್ತು ವರ್ಷದಿಂದ ನೌಕೆಗೆ ಹೋಗುವ ಪ್ರತಿ ಮಾತನ್ನೂ ಕಳಿಸಿದವನು. ಎಲ್ಲರೂ ಆಜ್ಞೆಗಳನ್ನು ಕಟ್ಟು ಕಟ್ಟಿ ಕೊಡುತ್ತಾರೆ, ತಾತ ಕಟ್ಟು ಬಿಚ್ಚದೆ ಕಳಿಸುತ್ತಾನೆ. "ಅಂಚೆಯವನು ಕಾಗದ ಓದಬಾರದು" ಎಂಬುದು ಅವನ ಒಂದೇ ಸಿದ್ಧಾಂತ.

"ತಾತ, ಇದೊಂದು ಪುಟಾಣಿ ಕಟ್ಟು."

"ಕಳಿಸೋಕೇನು ತೊಂದರೆ ಇಲ್ಲ. ನಿನ್ನ ಭಾವ ಆ ಗಾಜಿನ ಆಚೆ ಕೂತು ಇಲ್ಲಿಗೇ ನೋಡ್ತಾನಲ್ಲ? ಅವನು ಐದು ನಿಮಿಷ ಎದ್ದು ಹೋದ್ರೆ ಕಳಿಸ್ತೀನಿ. ನಾನೇನೂ ಓದಿಲ್ಲ, ನಾನೇನೂ ನೋಡಿಲ್ಲ."

ಭಾವ ಅಲ್ಲಾಡುವ ಆಸಾಮಿ ಅಲ್ಲ. ಪ್ರಪಂಚದಲ್ಲಿ ಅವನನ್ನು ಕುರ್ಚಿಯಿಂದ ಎಬ್ಬಿಸುವ ಶಕ್ತಿ ಇರುವುದು ಒಬ್ಬರಿಗೇ. ಮಚ್ಚೆ ಸಾರ್ ಮೆಟ್ಟಿಲ ಕೆಳಗೆ ಅಡಗಿ ಫೋನ್ ಹಚ್ಚಿದರು.

"ಅಕ್ಕಾ, ಈಗಲೇ ಭಾವನಿಗೆ ಫೋನ್ ಮಾಡಿ ಐದಾರು ನಿಮಿಷ ಹಿಡಿದಿಟ್ಕೊ."

"ಏನಂತ ಮಾತಾಡಲೋ?"

"ಏನಾದ್ರೂ ಜಗಳ ತೆಗಿ."

"ಜಗಳಕ್ಕೆ ಒಂದು ಕಾರಣ ಬೇಡ್ವೇನೋ?"

"ಯಾರಿಗೆ, ನಿನಗೆ? ಯಾವತ್ತಿಂದ?"

"ಇರು, ಅವರದ್ದು ಮುಗಿದ ಮೇಲೆ ನಿನಗಿದೆ," ಎಂದು ಅಕ್ಕ ಫೋನಿಟ್ಟಳು.

ಹತ್ತು ಐವತ್ತಕ್ಕೆ ಭಾವನ ಫೋನು ಬಡಿದುಕೊಂಡಿತು. ಹೆಸರು ನೋಡಿದವನೇ ಎದ್ದು ನಿಂತ. ನಿಂತುಕೊಂಡೇ ಮಾತಾಡುತ್ತ, ತಲೆಯಾಡಿಸುತ್ತ, ಕಾರಿಡಾರಿನ ತುದಿಗೆ ನಡೆದ. "ಇಲ್ವೇ... ನಾನೆಲ್ಲಿ ಹಾಗಂದೆ... ಹದಿನೆಂಟು ವರ್ಷದ ಹಿಂದಿನದು ಈಗ್ಯಾಕೆ..." ಧ್ವನಿ ಸಣ್ಣಗಾಗುತ್ತ ಹೋಯಿತು.

"ತಾತ, ಬೇಗ!"

ತಾತ ಕನ್ನಡಕ ಹುಡುಕಿದ. ಸಿಕ್ಕಿತು. ಒರೆಸಿದ. ಒಂದೇ ಬೆರಳಲ್ಲಿ, ಭತ್ತದಲ್ಲಿ ಕಲ್ಲು ಆರಿಸುವ ಹಾಗೆ, ಒಂದೊಂದೇ ಗುಂಡಿ ಒತ್ತಿದ. ಗಡಿಯಾರದ ಮುಳ್ಳು ಮಾತ್ರ ಕ್ಲೈಮ್ಯಾಕ್ಸಿನ ಬಾಂಬಿಗೆ ಕಟ್ಟಿದ ಹಾಗೆ ಓಡಿತು. ಹತ್ತು ಐವತ್ತೈದು. ಐವತ್ತಾರು. ಕಾರಿಡಾರಿನಲ್ಲಿ "ಆಯ್ತು, ತಪ್ಪಾಯ್ತು, ಇಡ್ಲಾ?" ಎಂಬ ದನಿ ಹತ್ತಿರವಾಯಿತು. ತಾತನ ಬೆರಳು ಕೊನೆಯ ಗುಂಡಿಯ ಮೇಲೆ ಬಿತ್ತು.

"ಹೋಯ್ತು ಮಗಾ."

ಜರುಗಿಸು, ಎಂಬತ್ತು. ಬಿಟ್ಟ ಬಾಣ. ಇನ್ನು ಜಗತ್ತಿನ ಯಾವ ಶಕ್ತಿಯೂ ಬೆನ್ನಟ್ಟಿ ಹಿಡಿಯಲಾರದು.

ನೋಡುವಾಗ ನೌಕೆ ಮಾತಾಡುವುದಿಲ್ಲ, ಮಾತಾಡುವಾಗ ನೋಡುವುದಿಲ್ಲ. ಚಿತ್ರ ಬರುವುದು ಸಂಜೆ ಐದಕ್ಕೆ. ಅಲ್ಲಿಯವರೆಗೆ ಕಾಯುವುದು. ಮಚ್ಚೆ ಸಾರ್ ಹಳೆಯ ಹಾಲ್‌ಗೆ ಹೋಗಿ ಕೂತರು. ಒಂದು ಕಾಲದಲ್ಲಿ ನಲವತ್ತು ಜನ ಇದ್ದ ಹಾಲ್ ಅದು. ಒಬ್ಬರು ನಿವೃತ್ತಿ, ಒಬ್ಬರು ಬೇರೆ ಊರು, ಕೆಲವರು ಮೇಲಿನ ಊರು. ಕುರ್ಚಿಗಳು ಮಾತ್ರ ಹಾಗೇ ಇದ್ದವು, ಒಂದೊಂದೂ ತನ್ನವರ ಬೆನ್ನಿನ ಆಕಾರ ಹಿಡಿದುಕೊಂಡು.

ಎರಡಕ್ಕೆ ಹತ್ತು ನಿಮಿಷ ಇರುವಾಗ ಭಾವ ಬಂದ. ಕೈಯಲ್ಲಿ ಎರಡು ಲೋಟ ಕಾಫಿ. ಒಂದನ್ನು ಮಚ್ಚೆ ಸಾರ್ ಕಡೆ ಸರಿಸಿ ಪಕ್ಕದಲ್ಲಿ ಕೂತ.

"ಬೆಳಿಗ್ಗೆ ಬೈದುಕೊಂಡ್ಯಲ್ಲ ನನ್ನ?"

"ಇಲ್ಲಪ್ಪ."

"ಬೈದುಕೊಂಡೆ. ನಿನ್ನ ಕಿವಿ ಕೆಂಪಗಾಗಿತ್ತು. ಅದನ್ನ ಕಾಣೋಕೆ ನನಗೆ ಬಿಸಿಗಣ್ಣು ಬೇಕಾಗಿಲ್ಲ." ಭಾವ ಕಾಫಿ ಹೀರಿದ. "ನೆನಪಿದೆಯೇನೋ, ಇದೇ ನೆಲ?"

ನೆನಪಿಲ್ಲದೆ ಏನು? ಆಗ ಬಣ್ಣದ ಪ್ರಿಂಟರ್ ಇರಲಿಲ್ಲ. ಬಿಸಿಗಣ್ಣು ಕಳಿಸುತ್ತಿದ್ದದ್ದು ಬರೀ ಸಂಖ್ಯೆ. ಮಾರುದ್ದದ ಕಾಗದದಲ್ಲಿ ಸಾವಿರ ಸಾವಿರ ಸಂಖ್ಯೆ. ಮೊದಲ ದಿನ ಆ ಕಾಗದವನ್ನು ನೆಲದ ಮೇಲೆ ಹಾಸಿ, ಅಂಗಡಿಯಿಂದ ಮಕ್ಕಳ ಬಣ್ಣದ ಪೆನ್ಸಿಲ್ ತಂದು, ಹೆಚ್ಚು ಇದ್ದಲ್ಲಿ ಕೆಂಪು, ಕಡಿಮೆ ಇದ್ದಲ್ಲಿ ನೀಲಿ ಎಂದು ಕೈಯಲ್ಲೇ ತುಂಬಿದ್ದರು. ಬುತ್ತಿ ತಂದ ಅಕ್ಕನೂ ಮೊಣಕಾಲೂರಿ ಕೂತು ತುಂಬಿದ್ದಳು. ನೀಲಿ, ನೀಲಿ, ನೀಲಿ. ಇದ್ದಕ್ಕಿದ್ದಂತೆ ಬಲಗಡೆ ಕೆಳಮೂಲೆಯಲ್ಲಿ ಒಂದು ಕೆಂಪು. ಆ ಕೆಂಪು ಪೆನ್ಸಿಲನ್ನು ಅಕ್ಕನ ಕೈಯಿಂದ ಈಸಿಕೊಳ್ಳುವ ನೆಪದಲ್ಲಿ ಭಾವ ಕೈ ಹಿಡಿದದ್ದು. ನೂರೈವತ್ತು ಕೋಟಿ ಕಿಲೋಮೀಟರ್ ದೂರದ ಬಿಸಿ ಪತ್ತೆ ಹಚ್ಚಿದ ಮಚ್ಚೆ ಸಾರ್‌ಗೆ ಮೊಳದೂರದಲ್ಲಿ ಏರುತ್ತಿದ್ದ ಬಿಸಿ ಎರಡು ವರ್ಷ ಗೊತ್ತೇ ಆಗಲಿಲ್ಲ.

"ಅವತ್ತು ನೀನು ಕೂಗಿದ ಕೂಗಿಗೆ ಕೆಳಗಡೆಯವರು ಬೆಂಕಿ ಬಿತ್ತು ಅಂತ ಬಕೆಟ್ ತಂದಿದ್ರು," ಭಾವ ನಕ್ಕ. ಆಮೇಲೆ ನಗು ನಿಲ್ಲಿಸಿ, ಲೋಟದೊಳಗೆ ನೋಡುತ್ತ ಹೇಳಿದ. "ಇಷ್ಟು ವರ್ಷ ರೇಗಿಸಿದೀನಿ ಕಣೋ. ಆದ್ರೆ ಇವತ್ತು ಅದು ಇರಬೇಕು. ಇರದಿದ್ರೆ ನಾನು ಮತ್ತೆ ಯಾರನ್ನ ರೇಗಿಸಲಿ?"

ಮಚ್ಚೆ ಸಾರ್ ಲೋಟ ಕೆಳಗಿಟ್ಟರು. ಹೇಳಿಬಿಡಲೇ, ಗಡಿಯಾರದ ವಿಷಯ? ಬಾಯಿ ತೆರೆದರು. ಅದೇ ಕ್ಷಣಕ್ಕೆ ಭಾವನೂ ಏನೋ ಹೇಳಲು ಬಾಯಿ ತೆರೆದಿದ್ದ. ಇಬ್ಬರೂ "ನೀನು ಹೇಳು", "ಇಲ್ಲ, ನೀನು ಹೇಳು" ಎಂದು, ಇಬ್ಬರೂ ಏನೂ ಹೇಳದೆ ಕಾಫಿ ಕುಡಿದರು. ಗಡಿಯಾರ ಎರಡು ಹೊಡೆದಾಗ ಇಬ್ಬರೂ ಒಟ್ಟಿಗೆ ತಲೆ ಎತ್ತಿ ನೋಡಿದರು. ಇಬ್ಬರ ಮುಖದ ಮೇಲೂ ಒಂದೇ ತರದ ಕಳ್ಳ ನಗು.

ಐದು ಗಂಟೆ. ಮೇಡಂ, ತಾತ, ಭಾವ, ಮಚ್ಚೆ ಸಾರ್. ಅಷ್ಟು ದೊಡ್ಡ ಪರದೆಗೆ ನಾಲ್ಕೇ ಜನ. ಬರುವುದು ಅವಸರದ ಚಿತ್ರ. ಎಷ್ಟು ಬಿಸಿ ಎಂಬ ಲೆಕ್ಕ ನಾಳೆ ಬೆಳಿಗ್ಗೆ ಬರುತ್ತದೆ. ಈಗ ಯಾವ ಚುಕ್ಕಿ ಪಕ್ಕದ ಚುಕ್ಕಿಗಿಂತ ಬೆಚ್ಚಗಿದೆ ಎಂಬುದಷ್ಟೇ ಬಣ್ಣದಲ್ಲಿ ಕಾಣುತ್ತದೆ. ಸಾಲು ಸಾಲಾಗಿ ಮೇಲಿನಿಂದ ಕೆಳಕ್ಕೆ ಚಿತ್ರ ಇಳಿಯತೊಡಗಿತು.

ನೀಲಿ. ನೀಲಿ. ನೀಲಿ. ಅರ್ಧ ಪರದೆ ನೀಲಿ. ಮುಕ್ಕಾಲು ಪರದೆ ನೀಲಿ. ಭಾವ ಅವರ ಭುಜ ಹಿಡಿದುಕೊಂಡ.

ಆಮೇಲೆ, ಬಲಗಡೆ ಕೆಳಮೂಲೆಯಲ್ಲಿ, ಒಂದು ಕೆಂಪು ಚುಕ್ಕಿ. ಅದರ ಕೆಳಗೆ ಎರಡು. ಅದರ ಕೆಳಗೆ ಐದು. ಹಲಸಿನ ತೊಳೆಯ ಆಕಾರ. ಅದೇ ಜಾಗ, ಅದೇ ಆಕಾರ, ಅದೇ ಅಳತೆ. ಇಪ್ಪತ್ತೊಂಬತ್ತು ವರ್ಷ ಕಣ್ಣು ಮುಚ್ಚಿದಾಗೆಲ್ಲ ಕಂಡದ್ದು ಈಗ ಕಣ್ಣು ಬಿಟ್ಟಾಗ ಕಾಣುತ್ತಿತ್ತು.

ತಾತ ಶಿಳ್ಳೆ ಹೊಡೆದ. ಮೇಡಂ ಕುರ್ಚಿಯ ಮೇಲೆ ಹತ್ತಿದಳು. ಹತ್ತಿದವಳೇ ಫೋನ್ ತೆಗೆದು ಇಡೀ ಸಂಸ್ಥೆಗೆ ಸಂದೇಶ ಹೊಡೆದಳು. 'ಮಚ್ಚೆ ನಿಜ. ಇಪ್ಪತ್ತೊಂಬತ್ತು ವರ್ಷದ ತಪಸ್ಸು ಫಲಿಸಿತು. ಇದು ಋತುವಿನ ಜೊತೆ ಬರುವ ಬಿಸಿ.' ಮಚ್ಚೆ ಸಾರ್ ಏನೂ ಮಾಡಲಿಲ್ಲ. ಪರದೆಯ ಹತ್ತಿರ ಹೋಗಿ ಆ ಕೆಂಪಿನ ಮೇಲೆ ಅಂಗೈ ಇಟ್ಟು ನಿಂತರು.

ಭಾವ ಬಂದು ತಬ್ಬಿಕೊಂಡ. ಅಳುತ್ತಿದ್ದ. ಅಳುತ್ತ ನಗುತ್ತಿದ್ದ. "ಗೆದ್ದೆ ಕಣೋ! ನನ್ನ ಬಾಮೈದ ಗೆದ್ದ! ಈಗ ಹೇಳ್ತೀನಿ, ಇನ್ನು ಹೇಳಿದ್ರೆ ತಪ್ಪಿಲ್ಲ. ಬೆಳಿಗ್ಗೆ ಆರು ಗಂಟೆಗೆ ನಾನು ಬರದೇ ಇದ್ದಿದ್ರೆ ನಿನ್ನ ಕತೆ ಏನಾಗ್ತಿತ್ತು ಗೊತ್ತಾ? ನಿನ್ನ ಆಜ್ಞೆ ನೋಡಿದೆ. ಮೂರು ಇಪ್ಪತ್ತು ಅಂತ ಬರೆದಿದ್ದೆ, ಪೆದ್ದ! ಇಲ್ಲಿಯ ಸಮಯ! ಹೇಳಿದ್ರೆ ನೀನು ನಾಚಿಕೆಯಿಂದ ಸಾಯ್ತಿದ್ದೆ. ಅದಕ್ಕೇ ನನ್ನ ಕ್ಯಾಮೆರಾ ಕಟ್ಟಿನೊಳಗೆ ಸೇರಿಸಿ ನಾನೇ ಒಂದು 'ಜರುಗಿಸು ಎಂಬತ್ತು' ಕಳಿಸಿಬಿಟ್ಟೆ. ಅದಕ್ಕೇ ನೀನು ಆಂಟೆನಾ ಕೇಳಿದಾಗ ಬೇಡ ಅಂದಿದ್ದು!"

ಹಾಲ್‌ನಲ್ಲಿ ಶಿಳ್ಳೆ ನಿಂತಿತು.

ಮೇಡಂ ಕುರ್ಚಿಯಿಂದ ನಿಧಾನವಾಗಿ ಇಳಿದಳು. ತಾತ ಚಾವಣಿ ನೋಡಿದ. "ಅಂಚೆಯವನು ಕಾಗದ ಓದಬಾರದು," ಎಂದು ತನಗೆ ತಾನೇ ಹೇಳಿಕೊಂಡ.

"ಏನಾಯ್ತ್ರೋ?" ಭಾವ ಎಲ್ಲರ ಮುಖ ನೋಡಿದ.

"ಭಾವ," ಮಚ್ಚೆ ಸಾರ್ ಗಂಟಲಿನಿಂದ ಮಾತು ಬಾವಿಯಿಂದ ಬಂದ ಹಾಗೆ ಬಂತು, "ನಾನೂ ಒಂದು ಎಂಬತ್ತು ಕಳಿಸಿದೆ. ನೀನು ಅಕ್ಕನ ಜೊತೆ ಫೋನಲ್ಲಿದ್ದಾಗ."

ಚಿತ್ರದ ಮೂಲೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಸಮಯ ಇತ್ತು. ಗೆದ್ದ ಖುಷಿಯಲ್ಲಿ ಯಾರು ಇರುವೆ ನೋಡುತ್ತಾರೆ? ಮೇಡಂ ಬಗ್ಗಿ ಓದಿದಳು. "ಹನ್ನೆರಡು ನಲವತ್ತು. ಎರಡು ಸಲ ಜರುಗಿದೆ." ಯಾವ ಹೊತ್ತಿಗೆ ನೌಕೆಯ ಎದುರು ಏನಿರುತ್ತದೆ ಎಂಬ ಪಟ್ಟಿ ತೆಗೆದು ಬೆರಳಿಟ್ಟು ಹುಡುಕಿದಳು. ಬಹಳ ಹೊತ್ತು ಹುಡುಕಿದಳು. ಪಟ್ಟಿಯಲ್ಲಿ ಇದ್ದದ್ದು ಒಂದೇ ಸಾಲು ಎಂಬುದು ಮಚ್ಚೆ ಸಾರ್‌ಗೆ ಗೊತ್ತಿತ್ತು.

"ಆ ಹೊತ್ತಲ್ಲಿ ಅದರ ಎದುರಿಗೆ ಶನಿ ಇರಲಿಲ್ಲ ಸಾರ್. ಏನೂ ಇರಲಿಲ್ಲ. ಖಾಲಿ ಆಕಾಶ."

"ಹಾಗಾದ್ರೆ ಈ ಮಚ್ಚೆ ಯಾವುದು?" ಭಾವ ಕೇಳಿದ.

ಮಚ್ಚೆ ಸಾರ್ ಕೈ ಇನ್ನೂ ಪರದೆಯ ಮೇಲೇ ಇತ್ತು.

"ನಮ್ಮದೇ," ಎಂದರು ಕೊನೆಗೆ. "ಬಿಸಿಗಣ್ಣಿನ ಪೆಟ್ಟಿಗೇದು. ಮಲಗಿದ್ದವರನ್ನ ಎಬ್ಬಿಸಿದ್ರೆ ಮೈ ಬೆಚ್ಚಗಿರುತ್ತಲ್ಲ, ಹಾಗೆ. ಒಳಗಡೆ ಒಂದು ಮೂಲೆ ಬಿಸಿಯಾಗಿ, ಆ ಬಿಸಿನೇ ಕಣ್ಣಿಗೆ ಬೀಳುತ್ತೆ. ನಾಲ್ಕು ದಿನಕ್ಕೆ ಆರುತ್ತೆ. ಅವತ್ತೂ ಆಗ ತಾನೇ ಎಬ್ಬಿಸಿದ್ವಿ. ಇವತ್ತೂ ಆಗ ತಾನೇ ಎಬ್ಬಿಸಿದ್ವಿ. ಎರಡು ಸಲವೂ ಅದು ತನ್ನ ಮೈಬಿಸಿನೇ ನೋಡ್ಕೊಂಡು ನಮಗೆ ಹೇಳಿದೆ."

ಟಿಣ್. ಮೇಡಂ ಫೋನು. ಟಿಣ್. ಟಿಣ್. ಸಂಸ್ಥೆಯ ಮೂಲೆಮೂಲೆಯಿಂದ ಅಭಿನಂದನೆ ಸುರಿಯತೊಡಗಿತ್ತು. ಮೇಲಿನವರೊಬ್ಬರು, ಆ ಜಾಗಕ್ಕೆ ನಿಮ್ಮ ಮಚ್ಚೆ ಸಾರ್ ಹೆಸರನ್ನೇ ಇಡೋಣ, ನಾಳೆಯೇ ಸಭೆ ಎಂದು ಬರೆದಿದ್ದರು.

ಭಾವ ಸೆಟೆದು ನಿಂತ. ಕೊನೆಯ ರೀಲಿನಲ್ಲಿ ಗೆಳೆಯನಿಗಾಗಿ ಸುಳ್ಳು ಸಾಕ್ಷಿ ಹೇಳಲು ಕಟಕಟೆ ಹತ್ತುವವನ ಹಾಗೆ ಎದೆ ಮೇಲೆ ಕೈಯಿಟ್ಟ. "ಬೆಳಿಗ್ಗೆ ಆರು ಗಂಟೆಗೆ ನಾನು ಮನೇಲಿ ಮಲಗಿದ್ದೆ. ನಾನು ಏನೂ ಕಳಿಸಿಲ್ಲ. ಹೆಂಡ್ತಿ ಆಣೆ."

"ನನ್ನ ಅಕ್ಕನ ಮೇಲೆ ಸುಳ್ಳು ಆಣೆ ಇಡ್ತೀಯಾ?"

"ನಿನಗೋಸ್ಕರ ಕಣೋ!"

ಮೇಡಂ ಬೇಕೆಂದೇ ಕಿಟಕಿಯ ಕಡೆ ತಿರುಗಿ ನಿಂತಿದ್ದಳು. ತಾತ ಏನೂ ಓದಿರಲಿಲ್ಲ, ಏನೂ ನೋಡಿರಲಿಲ್ಲ. ಒಂದೇ ಒಂದು ಮಾತು ಮಚ್ಚೆ ಸಾರ್ ನುಂಗಿಕೊಂಡಿದ್ದರೆ ಸಾಕಿತ್ತು. ಅವರು ಆ ಕೆಂಪನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಕುರ್ಚಿ ಎಳೆದು ಕೂತು, ಚಿತ್ರದ ಕೆಳಗೆ ಟಿಪ್ಪಣಿಗೆಂದು ಬಿಟ್ಟ ಜಾಗದಲ್ಲಿ ತಾವೇ ಬರೆದರು: 'ಗ್ರಹದ್ದಲ್ಲ. ಯಂತ್ರದ ಸ್ವಂತ ಬಿಸಿ. ಮೊದಲ ದಿನದ್ದೂ ಅದೇ.' ಸಮಯ ಬರೆಯುವಾಗ ಎರಡು ಗಡಿಯಾರವನ್ನೂ ಎರಡೆರಡು ಸಲ ನೋಡಿದರು.

ಜೇಬಿನಲ್ಲಿ ಫೋನು. ಹೆಂಡತಿ.

"ಏನ್ರೀ, ಸಿಕ್ತಾ ನಿಮ್ಮ ಮಚ್ಚೆ?"

"ಸಿಕ್ತು ಕಣೇ."

"ಅಯ್ಯೋ ನನ್ನಪ್ಪಾ! ಅಂತೂ ಸಿಕ್ತಲ್ಲ! ಎಲ್ಲಿತ್ತಂತೆ?"

ಮಚ್ಚೆ ಸಾರ್ ಪರದೆಯ ಮೂಲೆಯ ಕೆಂಪಿನ ಕಡೆ ತಿರುಗಿದರು.

"ಮನೇಲೇ ಇತ್ತು."

"ನೋಡಿದ್ರಾ? ಯಾವತ್ತಾದ್ರೂ ನೀವು ಮನೇಲಿ ಸರಿಯಾಗಿ ಹುಡುಕಿದ್ದುಂಟಾ?" ಎಂದಳು ಹೆಂಡತಿ.